ಗಿಟಾರು ಕಟ್ಟುವಾಗ ಕೈ ತಪ್ಪಿದರೆ

ನೋಡುವುದಕ್ಕೆ ಗಿಟಾರು ಒಂದು ಮರದ ಪೆಟ್ಟಿಗೆ, ಅದಕ್ಕೊಂದು ಕುತ್ತಿಗೆ, ಆರು ತಂತಿ, ಅಷ್ಟೆ. ಆದರೆ ಮೊದಲ ಸಲ ಅದನ್ನು ಮಾಡಹೊರಟವರು ಎಲ್ಲಾದರೊಂದು ಕಡೆ ತಪ್ಪುವುದು ಖಂಡಿತ. ಯಾವ ತಪ್ಪನ್ನು ತಿದ್ದಬಹುದು, ಯಾವುದಕ್ಕೆ ಹೊಸ ಮರವನ್ನೇ ಹುಡುಕಬೇಕು ಎಂಬುದನ್ನು ತಿಳಿದಿರಬೇಕು. ಕಳೆದ ವರ್ಷ ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ, "ಮಾಷ್ಟ್ರೇ, ಬೆರಳುಹಲಗೆಯಲ್ಲಿ ಒಂದು ಗೀರು ತಪ್ಪಿತು. ಅಪ್ಪ ತಂದ ಬೀಟೆಯ ತುಂಡು ಹಾಳಾಯಿತು" ಎಂದು ಮುಖ ಸಪ್ಪೆ ಮಾಡಿ ನಿಂತಿದ್ದ. ಮಲಯಾಳದಲ್ಲಿ 'ಈಟ್ಟಿ' ಎನ್ನುವ ಈ ಮರ ಸಾಮಾನ್ಯದ್ದಲ್ಲ. ಅಮೆರಿಕದ ಮಾರ್ಟಿನ್ ಕಂಪೆನಿ 1969ರಲ್ಲಿ ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ಕೈ ಹಾಕಿತು. ಅಂಥ ಮರವನ್ನು ಒಂದು ಗೀರಿಗಾಗಿ ಎಸೆಯುವುದುಂಟೆ?

ನಮ್ಮ ವೀಣೆಯ ಮೆಟ್ಟುಗಳು ಮೇಣದಲ್ಲಿ ಕುಳಿತಿರುತ್ತವೆ. ಸ್ವರ ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನಲ್ಲಿ ಹಾಗಲ್ಲ. ಗರಗಸದಿಂದ ಕೊಯ್ದ ಗೀರಿನೊಳಗೆ ಮೆಟ್ಟನ್ನು ಬಡಿದು ಕೂರಿಸುತ್ತಾರೆ. ಗೀರಿನ ಸ್ಥಾನಕ್ಕೆ ಲೆಕ್ಕವಿದೆ: ತಂತಿಯ ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತ ಹೋಗಬೇಕು. ತಂತಿ 650 ಮಿಲ್ಲಿಮೀಟರ್ ಇದ್ದರೆ ಮೊದಲ ಮೆಟ್ಟು 36.48ರಲ್ಲಿ, ಎರಡನೆಯದು 70.92ರಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ರಲ್ಲಿ. ಹೊಸಬರು ಒಂದು ಮೆಟ್ಟಿನಿಂದ ಮುಂದಿನದನ್ನು ಅಳೆಯುತ್ತಾರೆ. ಆಗ ಕೂದಲೆಳೆಯಷ್ಟು ವ್ಯತ್ಯಾಸ ಸೇರುತ್ತ ಹೋಗಿ ಕೊನೆಗೆ ಅಪಸ್ವರವಾಗುತ್ತದೆ. ಎಲ್ಲವನ್ನೂ ತುದಿಯಿಂದಲೇ ಅಳೆಯಬೇಕು.

ಒಂದೆರಡು ಗೀರು ತಪ್ಪಿದ್ದರೆ ಅದೇ ಮರದ ತೆಳ್ಳನೆಯ ಸೀಳನ್ನು ಅಂಟು ಹಚ್ಚಿ ಗೀರಿನೊಳಗೆ ತುಂಬಿ, ಒಂದು ದಿನ ಬಿಟ್ಟು, ಉಳಿಯಿಂದ ಸಮ ಮಾಡಿ ಮತ್ತೆ ಕೊಯ್ಯಬಹುದು. ಅರ್ಧ ಮಿಲ್ಲಿಮೀಟರಿನಷ್ಟು ತಪ್ಪಾದರೆ ಮೆಟ್ಟಿನ ತಲೆಯೇ ಅದನ್ನು ಮುಚ್ಚಿಬಿಡುತ್ತದೆ. ಆ ಹುಡುಗನೂ ಹಾಗೆಯೇ ಮಾಡಿದ. ಆದರೆ ಲೆಕ್ಕವೇ ತಪ್ಪಿ ಎಲ್ಲ ಗೀರುಗಳೂ ಕೆಟ್ಟಿದ್ದರೆ ಬೇರೆ ಹಲಗೆಯೇ ಗತಿ.

ನಾದದ ಮಟ್ಟಿಗೆ ಪೆಟ್ಟಿಗೆಯ ಎಲ್ಲ ಭಾಗಗಳೂ ಸಮವಲ್ಲ. ಸ್ಪೇನಿನ ಆಂಟೋನಿಯೋ ದೆ ತೋರೆಸ್ (1817-1892) 1862ರಲ್ಲಿ ಒಂದು ಗಿಟಾರಿನ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದಲೇ ಮಾಡಿದ. ನಾದ ಹುಟ್ಟುವುದು ಮುಖ್ಯವಾಗಿ ಮುಂದಿನ ಹಲಗೆಯಿಂದ ಎಂದು ತೋರಿಸಬೇಕಿತ್ತು ಅವನಿಗೆ. ಆದುದರಿಂದ ಪಕ್ಕದ ಹಲಗೆಯಲ್ಲಿ ತೇಪೆ ಬಿದ್ದರೆ ನೋಟ ಕೆಟ್ಟೀತು, ನಾದ ಅಷ್ಟಾಗಿ ಕೆಡದು. ಮುಂದಿನ ಹಲಗೆ ಸುಮಾರು ಎರಡೂವರೆ ಮಿಲ್ಲಿಮೀಟರ್ ದಪ್ಪದ್ದು; ಅದರಲ್ಲಿ ಮಾತ್ರ ಎಚ್ಚರ ಬೇಕು. ಅದು ಸೀಳಿದರೆ ಬಿರುಕಿಗೆ ಅಂಟು ತುಂಬಿ ಒತ್ತಿಹಿಡಿದು, ಒಳಮಗ್ಗುಲಲ್ಲಿ ಎಳೆಗೆ ಅಡ್ಡಲಾಗಿ ತೆಳ್ಳನೆಯ ಮರದ ಬಿಲ್ಲೆಗಳನ್ನು ಸಾಲಾಗಿ ಅಂಟಿಸಬೇಕು. ಪೆಟ್ಟಿಗೆ ಮುಚ್ಚುವ ಮೊದಲು ಇದು ಸುಲಭ. ಮುಚ್ಚಿದ ಮೇಲೆ ನಾದರಂಧ್ರದೊಳಗೆ ಕೈ ತೂರಿಸಿ ತಡಕಾಡಬೇಕು.

ಮರದ ಹುಡಿಗೆ ಅಂಟು ಕಲಸಿ ಸಂದು ತುಂಬುವುದು ನಮ್ಮ ಆಚಾರಿಗಳೆಲ್ಲ ಬಲ್ಲ ಉಪಾಯ. ಕಪ್ಪು ಬೀಟೆಯಲ್ಲಿ ಅದು ಗೊತ್ತಾಗುವುದಿಲ್ಲ. ಬಿಳಿಚಿದ ಮರದಲ್ಲಿ ಮಾತ್ರ ಹುಡಿ ಅಂಟನ್ನು ಹೀರಿ ಕಪ್ಪಾಗಿ, ಮುಖದ ಮೇಲಿನ ಮಚ್ಚೆಯಂತೆ ಕಾಣುತ್ತದೆ. ಅಲ್ಲಿ ಎಳೆ ಹೊಂದುವ ಸೀಳೇ ಬೇಕು. ಉಳಿ ಬಿದ್ದು ತಗ್ಗಾದರೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ತುಸು ಒತ್ತಿದರಾಯಿತು. ಅದುಮಿಹೋದ ಎಳೆಗಳು ಆವಿಗೆ ಉಬ್ಬಿ ಮೇಲೇಳುತ್ತವೆ. ಎಳೆ ಕತ್ತರಿಸಿಹೋಗಿದ್ದರೆ ಈ ಉಪಾಯ ನಡೆಯದು. ಕೀಸುವಾಗ ಮರ ಚಕ್ಕೆಯೇಳತೊಡಗಿದರೆ ಬಲ ಹಾಕದೆ ತುಂಡನ್ನು ತಿರುಗಿಸಿ ಮತ್ತೊಂದು ದಿಕ್ಕಿನಿಂದ ಕೀಸಿ, ಅಲಗನ್ನೂ ಮಸೆಯಿರಿ.

ಕುದುರೆ ಸ್ಥಾನ ತಪ್ಪಿ ಕುಳಿತರೂ ಹೆದರಬೇಕಾಗಿಲ್ಲ. ಮರಗೆಲಸದ ಬಿಳಿ ಅಂಟಾಗಲಿ ಹಳೆಯ ಕಾಲದ ಚರ್ಮದ ಅಂಟಾಗಲಿ ಶಾಖಕ್ಕೆ ಮೆದುವಾಗುತ್ತದೆ. ಬಿಸಿ ಮಾಡಿದ ತೆಳು ಚಾಕುವಿನಿಂದ ಮೆಲ್ಲಗೆ ಎಬ್ಬಿಸಬಹುದು. ಎರಡು ಭಾಗ ಕಲಸುವ ಎಪಾಕ್ಸಿ ಹಾಕಿದವರ ಪಾಡು ಕಷ್ಟ.

ನಮ್ಮ ಕಾಸರಗೋಡಿನವರು ಇನ್ನೊಂದನ್ನು ಗಮನಿಸಬೇಕು. ಜೂನ್, ಜುಲೈ ಮಳೆಯಲ್ಲಿ ಮರ ತೇವ ಹೀರಿ ಅಗಲವಾಗಿರುತ್ತದೆ. ಆಗ ಅಂಟಿಸಿದ ಹಲಗೆ ಬೇಸಗೆಯಲ್ಲಿ ಕುಗ್ಗಲೆತ್ನಿಸಿ ಸೀಳುತ್ತದೆ. ಈ ತಪ್ಪನ್ನು ತಿದ್ದಲು ಉಳಿಯಿಂದಾಗದು. ಮುಂದಿನ ಹಲಗೆಯನ್ನೂ ಹಿಂದಿನದನ್ನೂ ಅಂಟಿಸುವ ಕೆಲಸವನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ.