ಫಾರಂ ಕೊನೆಗೆ ಬರಲಿ: ಗ್ರಂಥಾಲಯದ ವಹಿಯಿಂದ ಡೇಟಾಬೇಸ್ ಪಾಠ

ದ್ವಿತೀಯ ಪಿಯುಸಿ ಗಣಕ ವಿಜ್ಞಾನದ ಡೇಟಾಬೇಸ್ ಘಟಕವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳನ್ನು ನಾನು ಕೆಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಹೆಚ್ಚಿನವು ಒಂದೇ ದಾರಿ ಹಿಡಿಯುತ್ತವೆ. ಮೊದಲು ಡೇಟಾ, ಮಾಹಿತಿ, ಡೇಟಾಬೇಸ್ ಎಂಬ ಪದಗಳ ವ್ಯಾಖ್ಯೆ. ಆಮೇಲೆ ಪ್ರೈಮರಿ ಕೀ, ಫಾರಿನ್ ಕೀ. ನಂತರ ನಾರ್ಮಲ್ ಫಾರಂಗಳು ಒಂದು, ಎರಡು, ಮೂರು. ಇವೆಲ್ಲ ಕಪ್ಪುಹಲಗೆಯ ಮೇಲೆ ಮುಗಿಯುತ್ತವೆ. ಪ್ರಯೋಗಾಲಯಕ್ಕೆ ಹೋದ ಕೂಡಲೇ ವಿದ್ಯಾರ್ಥಿಗಳು ಅದನ್ನೆಲ್ಲ ಬದಿಗಿಟ್ಟು, ಬಣ್ಣದ ಹಿನ್ನೆಲೆ, ದೊಡ್ಡ ಶೀರ್ಷಿಕೆ, ಸಾಲಾಗಿ ಪೆಟ್ಟಿಗೆಗಳಿರುವ ಒಂದು ಫಾರಂ ಮಾಡಲು ಕೂರುತ್ತಾರೆ. ಪೆಟ್ಟಿಗೆಗೆ ಒಂದರಂತೆ ಕಾಲಂ ಹುಟ್ಟುತ್ತದೆ. ಕೋಷ್ಟಕ ಹೀಗೆ ಫಾರಂನ ನೆರಳಾಗಿ ತಯಾರಾಗುತ್ತದೆ. (ನಾರ್ಮಲ್ ಫಾರಂ ಎಂದರೆ ಮಾಹಿತಿ ತುಂಬುವ ಒಂದು ಬಗೆಯ ಫಾರಂ ಎಂದೇ ತಿಳಿದ ಮಕ್ಕಳಿದ್ದಾರೆ. ಹೆಸರು ಹಾಗಿದೆ, ಅವರ ತಪ್ಪೇನಿಲ್ಲ.)

ಹೊಸದಾಗಿ ಪ್ರೋಗ್ರಾಂ ಬರೆಯುವವರು ಫಾರಂನಿಂದ ಶುರುಮಾಡುವುದು ಸಹಜ, ಏಕೆಂದರೆ ಕಣ್ಣಿಗೆ ಕಾಣುವುದು ಅದೇ. ಆದರೆ ಕಲಿಸುವವರು ಆ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ಅಭಿಪ್ರಾಯ. ವಹಿಯಿಂದ ಕೋಷ್ಟಕಕ್ಕೆ, ಕೋಷ್ಟಕದಿಂದ ಫಾರಂಗೆ ಹೋಗಬೇಕು. ಇದಕ್ಕೆ ನಾನು ಸೂಚಿಸುವ ಸಾಮಗ್ರಿ ಪ್ರತಿ ಶಾಲೆ ಕಾಲೇಜಿನಲ್ಲೂ ಇರುವ ಗ್ರಂಥಾಲಯದ ವಿತರಣಾ ವಹಿ.

ಆ ವಹಿಯ ಒಂದು ಪುಟವನ್ನು, ಹೆಸರುಗಳನ್ನು ಬದಲಿಸಿ, ಚಾರ್ಟ್ ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಹತ್ತು ಸಾಲು ಸಾಕು. ಕಾಲಂಗಳು ವಹಿಯಲ್ಲಿರುವಂತೆಯೇ ಇರಲಿ: ದಿನಾಂಕ, ವಿದ್ಯಾರ್ಥಿಯ ಹೆಸರು, ತರಗತಿ, ಪುಸ್ತಕದ ಹೆಸರು, ಲೇಖಕರು, ಮರಳಿಸಿದ ದಿನ, ಸಹಿ. ಒಂದೇ ವಿಭಾಗದಲ್ಲಿ ಇಬ್ಬರು ಅನಿತಾ ಇರಲಿ. ಕುವೆಂಪು ಅವರ ಪುಸ್ತಕ ಮೂರು ಸಾಲುಗಳಲ್ಲಿ ಬರಲಿ. ಒಂದು ಕಡೆ ‘ಕುವೆಂಪು’, ಇನ್ನೊಂದು ಕಡೆ ‘ಕೆ.ವಿ. ಪುಟ್ಟಪ್ಪ’, ಮತ್ತೊಂದು ಕಡೆ ‘ಡಾ. ಕುವೆಂಪು’ ಎಂದಿರಲಿ. ನಿಜವಾದ ವಹಿಗಳಲ್ಲಿ ಇಂಥದ್ದನ್ನು ಹುಡುಕಲು ಹೆಚ್ಚು ಪುಟ ತಿರುವಬೇಕಾಗುವುದಿಲ್ಲ.

ಈಗ ವ್ಯಾಖ್ಯೆ ಹೇಳದೆ ತರಗತಿಗೆ ಕೆಲಸ ಕೊಡಿ. ನಿನ್ನೆ ಹೊಸ ಪುಸ್ತಕಗಳು ಬಂದಿವೆ, ಯಾರೂ ಇನ್ನೂ ಒಯ್ದಿಲ್ಲ. ಅವುಗಳನ್ನು ಈ ಹಾಳೆಯಲ್ಲಿ ಎಲ್ಲಿ ಬರೆಯುತ್ತೀರಿ? ಬರೆಯಲು ಜಾಗವೇ ಇಲ್ಲ, ಏಕೆಂದರೆ ಪುಸ್ತಕ ಈ ಹಾಳೆಗೆ ಬರಬೇಕಾದರೆ ಯಾರಾದರೂ ಅದನ್ನು ಒಯ್ಯಬೇಕು. ಲೇಖಕರ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ತಿದ್ದಿ ಎನ್ನಿ. ಒಬ್ಬ ವಿದ್ಯಾರ್ಥಿ ಎದ್ದು ಬಂದು ಎರಡು ಕಡೆ ತಿದ್ದಿ ಮೂರನೆಯದನ್ನು ಬಿಟ್ಟುಹೋದರೆ ಪಾಠ ಇನ್ನೂ ಚೆನ್ನಾಗಿ ನಡೆಯಿತೆಂದೇ ಅರ್ಥ. ಕೊನೆಗೆ, ಕಾಲೇಜು ಬಿಟ್ಟುಹೋದ ವಿದ್ಯಾರ್ಥಿಯ ಸಾಲುಗಳನ್ನು ಅಳಿಸಿ ಎಂದು ಹೇಳಿ. ‘ಚೋಮನ ದುಡಿ’ಯನ್ನು ಆ ಹುಡುಗನೊಬ್ಬನೇ ಓದಿದ್ದರೆ, ಅವನ ಸಾಲಿನ ಜೊತೆಗೆ ಆ ಪುಸ್ತಕ ಗ್ರಂಥಾಲಯದಲ್ಲಿದೆ ಎಂಬ ಸಂಗತಿಯೂ ಅಳಿಸಿಹೋಗುತ್ತದೆ.

ಸೇರಿಸುವಾಗ, ತಿದ್ದುವಾಗ, ಅಳಿಸುವಾಗ ಉಂಟಾಗುವ ಈ ಮೂರು ತೊಡಕುಗಳನ್ನು ನಿವಾರಿಸಲೆಂದೇ ನಾರ್ಮಲ್ ಫಾರಂಗಳು ಬಂದದ್ದು. ತೊಡಕು ಅನುಭವಕ್ಕೆ ಬರುವ ಮೊದಲೇ ಪರಿಹಾರದ ವ್ಯಾಖ್ಯೆ ಬರೆಸಿದರೆ ವಿದ್ಯಾರ್ಥಿಗೆ ಅದು ಐದು ಅಂಕದ ಪ್ರಶ್ನೆಯಾಗಿ ಉಳಿಯುತ್ತದೆ, ಅಷ್ಟೆ.

ಇಲ್ಲಿಂದ ಮುಂದೆ ಇಡೀ ಪಾಠವನ್ನು ಒಂದೇ ಪ್ರಶ್ನೆಯ ಮೇಲೆ ನಿಲ್ಲಿಸಬಹುದು: ಈ ಕೋಷ್ಟಕದ ಒಂದು ಸಾಲು ಯಾವುದರ ಬಗ್ಗೆ? ವಿತರಣಾ ವಹಿಯ ಒಂದು ಸಾಲು ವಿದ್ಯಾರ್ಥಿಯ ಬಗ್ಗೆಯೂ ಮಾತಾಡುತ್ತದೆ, ಪುಸ್ತಕದ ಬಗ್ಗೆಯೂ ಮಾತಾಡುತ್ತದೆ, ಕೊಟ್ಟು ತೆಗೆದುಕೊಂಡ ವ್ಯವಹಾರದ ಬಗ್ಗೆಯೂ ಮಾತಾಡುತ್ತದೆ. ಚಾರ್ಟನ್ನು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಮೂರು ಗುಂಪು ಮಾಡಿಸಿ. ವಿದ್ಯಾರ್ಥಿಯ ಪಟ್ಟಿಗಳಲ್ಲಿ ಅನಿತಾ ಎರಡು ಬಾರಿ ಬಂದಾಗ ‘ಇವರು ಒಬ್ಬರೋ ಇಬ್ಬರೋ’ ಎಂದು ತರಗತಿಯೇ ಕೇಳುತ್ತದೆ. ಪ್ರೈಮರಿ ಕೀ ಎಂಬ ಪದವನ್ನು ಹೇಳಬೇಕಾದದ್ದು ಆ ಗಳಿಗೆಯಲ್ಲಿ.

ಇದು ಕೇವಲ ಪದ್ಧತಿಯ ಮಾತಲ್ಲ. ವರ್ಗಾವಣೆ ಪತ್ರ ಪಡೆಯಲು ಹೋದ ಮಗುವಿಗೆ ಗ್ರಂಥಾಲಯದಿಂದ ‘ಬಾಕಿ ಇಲ್ಲ’ ಎಂದು ಬರೆಸಿಕೊಂಡು ಬಾ ಎನ್ನುತ್ತಾರೆ. ಹೆಸರನ್ನೇ ಗುರುತಾಗಿ ಇಟ್ಟುಕೊಂಡ ಕೋಷ್ಟಕದಲ್ಲಿ ಒಬ್ಬ ಅನಿತಾ ಕಳೆದ ಪುಸ್ತಕದ ಬೆಲೆಯನ್ನು ಇನ್ನೊಬ್ಬ ಅನಿತಾ ಕಟ್ಟಬೇಕಾಗುತ್ತದೆ. ಕಾಗದದ ವಹಿಯಲ್ಲಾದರೆ ಸಹಿ ನೋಡಿ ತೀರ್ಮಾನಿಸಬಹುದಿತ್ತು. ಕಂಪ್ಯೂಟರಿಗೆ ಹಾಕುವಾಗ ಸಹಿಯ ಕಾಲಂ ಬಿಟ್ಟುಹೋಗಿರುತ್ತದೆ. ಅದರ ಕೆಲಸವನ್ನು ಮಾಡುವಂಥದ್ದೇನನ್ನೂ ಅದರ ಜಾಗದಲ್ಲಿ ಇಟ್ಟಿರುವುದಿಲ್ಲ.

ಹಾಗಾದರೆ ಗುರುತಿಗೆ ಏನನ್ನು ಇಡಬೇಕು? ವಿದ್ಯಾರ್ಥಿಗಳು ಮೊದಲು ಹೇಳುವುದು ರೋಲ್ ನಂಬರ್. ಮುಂದಿನ ವರ್ಷ ಅದು ಬೇರೆಯವರಿಗೆ ಹೋಗುತ್ತದೆ ಎಂದು ಅವರೇ ಕಂಡುಕೊಳ್ಳಲಿ. ದಾಖಲಾತಿ ಸಂಖ್ಯೆ ಆ ಸಂಸ್ಥೆಯ ಮಟ್ಟಿಗೆ ಬದಲಾಗುವುದಿಲ್ಲ. ನಮ್ಮ ರಾಜ್ಯದ ಎಸ್‌ಎಟಿಎಸ್ ಸಂಖ್ಯೆ ಮಗು ಶಾಲೆ ಬದಲಿಸಿದರೂ ಜೊತೆಗೇ ಹೋಗುತ್ತದೆ. ದಾಖಲಾತಿ ಸಂಖ್ಯೆಯನ್ನು 124/2023-24 ಎಂಬಂತೆ ಬರೆಯುವ ರೂಢಿ ಕೆಲವೆಡೆ ಇದೆ. ಸಂಖ್ಯೆ ಎಂದು ಕರೆದರೂ ಅದು ಅಕ್ಷರಗಳ ಸಾಲು, ಆದ್ದರಿಂದ ಕಾಲಂನ ಬಗೆ ಪಠ್ಯವಾಗಿರಬೇಕು. ದೂರವಾಣಿ ಸಂಖ್ಯೆಯೂ ಹಾಗೆಯೇ. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅಂಕಿಯ ಕಾಲಂನಲ್ಲಿ ಹಾಕಿದರೆ ಮೊದಲಿನ ಸೊನ್ನೆ ಹಾರಿಹೋಗುತ್ತದೆ.

ಪುಸ್ತಕದ ಕಡೆ ಬಂದಾಗ ಇನ್ನೂ ಒಳ್ಳೆಯ ಚರ್ಚೆ ನಡೆಯುತ್ತದೆ. ‘ಮಲೆಗಳಲ್ಲಿ ಮದುಮಗಳು’ ಮೂರು ಪ್ರತಿ ಇದ್ದರೆ ಅದು ಒಂದು ಪುಸ್ತಕವೋ ಮೂರೋ? ಓದುಗನಿಗೆ ಒಂದು, ಕಪಾಟಿಗೆ ಮೂರು. ಗ್ರಂಥಪಾಲಕರು ಪ್ರತಿಯೊಂದು ಪ್ರತಿಗೂ ಬೇರೆ ಅಕ್ಸೆಷನ್ ನಂಬರ್ ಹಾಕುವುದು ಇದಕ್ಕಾಗಿಯೇ. ಆದ್ದರಿಂದ ಶೀರ್ಷಿಕೆಗೊಂದು ಕೋಷ್ಟಕ, ಪ್ರತಿಗೊಂದು ಕೋಷ್ಟಕ. ಲೇಖಕರ ಹೆಸರು ಶೀರ್ಷಿಕೆಯ ಜೊತೆ ಒಮ್ಮೆ ಮಾತ್ರ ಬರುತ್ತದೆ; ಪ್ರತಿ ಹರಿದಿದೆ, ಕಳೆದಿದೆ ಎಂಬುದು ಪ್ರತಿಯ ಜೊತೆ ಬರುತ್ತದೆ. ಈ ವ್ಯತ್ಯಾಸವನ್ನು ತರಗತಿ ತಾನಾಗಿ ಕಂಡುಕೊಳ್ಳಲು ಹತ್ತು ನಿಮಿಷ ಬೇಕಾದರೂ ಕೊಡಿ. ನಲವತ್ತು ನಿಮಿಷದ ಅವಧಿಯಲ್ಲಿ ಅದು ಹೆಚ್ಚೇನಲ್ಲ.

ವಿತರಣೆಯ ಕೋಷ್ಟಕಕ್ಕೆ ಉಳಿಯುವುದು ತೆಳ್ಳಗಿನ ಸಾಲು: ವಿತರಣೆಯ ಕ್ರಮಸಂಖ್ಯೆ, ದಾಖಲಾತಿ ಸಂಖ್ಯೆ, ಅಕ್ಸೆಷನ್ ನಂಬರ್, ಕೊಟ್ಟ ದಿನ, ಮರಳಿದ ದಿನ. ಅಕ್ಸೆಷನ್ ನಂಬರನ್ನೇ ಇಲ್ಲಿ ಪ್ರೈಮರಿ ಕೀ ಮಾಡಬಾರದೇ ಎಂದು ಯಾರಾದರೂ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ಹಾಗೆ ಮಾಡಿದರೆ ಒಂದು ಪ್ರತಿಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಎರವಲು ಕೊಡಲು ಸಾಧ್ಯ. ‘ಪುಸ್ತಕ1, ಪುಸ್ತಕ2, ಪುಸ್ತಕ3’ ಎಂದು ಮೂರು ಕಾಲಂ ಹಾಕುವವರೂ ಪ್ರತಿ ತರಗತಿಯಲ್ಲಿ ಇರುತ್ತಾರೆ. ನಾಲ್ಕನೆಯ ಪುಸ್ತಕ ಕೇಳಿದವನಿಗೆ ಏನು ಮಾಡುತ್ತೀರಿ, ‘ಬೆಟ್ಟದ ಜೀವ’ ಯಾರ ಬಳಿ ಇದೆ ಎಂದು ಹುಡುಕಲು ಎಷ್ಟು ಕಾಲಂ ನೋಡಬೇಕು ಎಂದು ಕೇಳಿದರೆ ಸಾಕು.

ಮರಳಿದ ದಿನದ ಖಾಲಿ ಜಾಗದ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಲಿಯುವವರಿಗೆ ಖಾಲಿ ಕೋಶ ಕಂಡರೆ ಸಮಾಧಾನವಿಲ್ಲ. ಅಲ್ಲಿ ‘ಇಲ್ಲ’ ಎಂದು ಬರೆಯುತ್ತಾರೆ, ಅಥವಾ ಎಂದೂ ಬಾರದ ಒಂದು ದಿನಾಂಕ ತುಂಬುತ್ತಾರೆ, ಇಲ್ಲವೇ ಪಕ್ಕದಲ್ಲಿ ‘ಸ್ಥಿತಿ’ ಎಂಬ ಇನ್ನೊಂದು ಕಾಲಂ ಸೇರಿಸುತ್ತಾರೆ. ಇಲ್ಲಿ ಖಾಲಿ ಇರುವುದೇ ಮಾಹಿತಿ: ಪುಸ್ತಕ ಇನ್ನೂ ಮಗುವಿನ ಬಳಿ ಇದೆ. ಸ್ಥಿತಿಯ ಕಾಲಂ ಸೇರಿಸಿದರೆ ಒಂದು ದಿನ ಅದು ‘ಮರಳಿಸಿಲ್ಲ’ ಎನ್ನುತ್ತದೆ, ಪಕ್ಕದಲ್ಲಿ ಮರಳಿದ ದಿನಾಂಕವೂ ಇರುತ್ತದೆ. ಆಗ ಯಾವುದನ್ನು ನಂಬುವುದು? ಇನ್ನೊಂದು ಲೆಕ್ಕಾಚಾರದಿಂದ ತಿಳಿಯುವುದನ್ನು ಬೇರೆಯಾಗಿ ಬರೆದಿಡಬಾರದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಣ್ಣ ಎಚ್ಚರಿಕೆ. ‘ಕೋಷ್ಟಕಗಳ ನಡುವೆ ಸಂಬಂಧ ಇರುವುದರಿಂದ ರಿಲೇಷನಲ್ ಡೇಟಾಬೇಸ್ ಎನ್ನುತ್ತಾರೆ’ ಎಂದು ಅನೇಕರು ಹೇಳುತ್ತಾರೆ. ಐಬಿಎಂನಲ್ಲಿದ್ದ ಇ.ಎಫ್. ಕಾಡ್ 1970ರಲ್ಲಿ ಈ ಮಾದರಿಯನ್ನು ಮುಂದಿಟ್ಟಾಗ ಆ ಪದವನ್ನು ಗಣಿತದಿಂದ ತೆಗೆದುಕೊಂಡರು. ಗಣಶಾಸ್ತ್ರದಲ್ಲಿ ರಿಲೇಷನ್ ಎಂದು ಓದುವುದೇ ಇಲ್ಲಿ ಕೋಷ್ಟಕ. ಕೋಷ್ಟಕ ಒಂದೇ ಇದ್ದರೂ ಅದು ರಿಲೇಷನ್ನೇ.

ಇಷ್ಟಾದ ಮೇಲೆ ಫಾರಂ. ಇಲ್ಲಿ ಪ್ರಶ್ನೆ ಬದಲಾಗುತ್ತದೆ: ಇದನ್ನು ಯಾರು, ಎಲ್ಲಿ ನಿಂತು, ಎಷ್ಟು ಹೊತ್ತಿನಲ್ಲಿ ತುಂಬುತ್ತಾರೆ? ಗ್ರಂಥಾಲಯದ ಹೊಣೆ ಹೊತ್ತ ಉಪನ್ಯಾಸಕರು ಬಿಡುವಿನ ಅವಧಿಯಲ್ಲಿ, ಮುಂದೆ ಇಪ್ಪತ್ತು ಮಕ್ಕಳು ನಿಂತಿರುವಾಗ ತುಂಬುತ್ತಾರೆ. ಕೋಷ್ಟಕದ ಕಾಲಂಗಳನ್ನು ಅದೇ ಕ್ರಮದಲ್ಲಿ ಪೆಟ್ಟಿಗೆಗಳಾಗಿ ಇಳಿಸಿದರೆ ಅವರಿಗೆ ಉಪಯೋಗವಿಲ್ಲ. ಅವರಿಗೆ ಎರಡು ಕೆಲಸಗಳಿವೆ, ಕೊಡುವುದು ಮತ್ತು ಮರಳಿ ಪಡೆಯುವುದು. ಎರಡಕ್ಕೂ ಬೇರೆ ಫಾರಂ ಇರಲಿ. ಕೊಡುವ ಫಾರಂನಲ್ಲಿ ಇಂದಿನ ದಿನಾಂಕ ತಾನಾಗಿ ಬಂದಿರಲಿ. ದಾಖಲಾತಿ ಸಂಖ್ಯೆ ಒತ್ತಿದೊಡನೆ ಹೆಸರು ಮತ್ತು ವಿಭಾಗ ಕಾಣಿಸಲಿ. ಎದುರಿಗಿರುವ ಮಗು ಇವಳೇನಾ ಎಂದು ನೋಡಿಕೊಳ್ಳಬಹುದು. ಸಹಿಯ ಕೆಲಸದ ಒಂದು ಪಾಲನ್ನು ಇದು ಮಾಡುತ್ತದೆ. ಮರಳಿ ಪಡೆಯುವ ಫಾರಂನಲ್ಲಿ ಅಕ್ಸೆಷನ್ ನಂಬರ್ ಒಂದನ್ನೇ ಕೇಳಿದರೆ ಸಾಕು, ಆ ಪ್ರತಿಗೆ ಮರಳಿದ ದಿನ ಖಾಲಿ ಇರುವ ಸಾಲು ಒಂದೇ ಇರಬೇಕಲ್ಲ. ಪೆಟ್ಟಿಗೆಯ ಮುಂದೆ ಬರೀ ‘ದಿನಾಂಕ’ ಎಂದು ಬರೆಯದೆ ‘ಕೊಟ್ಟ ದಿನ’ ಎಂದೇ ಬರೆಯಲಿ.

ಲಿಬ್ರೆಆಫೀಸ್ ಬೇಸ್ ಉಚಿತವಾಗಿ ಸಿಗುತ್ತದೆ, ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ, ಆದ್ದರಿಂದ ಅಭ್ಯಾಸ ಬೋಧನೆಗೆ ಅನುಕೂಲ. ಅದರೊಳಗಿನ ಎಚ್‌ಎಸ್‌ಕ್ಯೂಎಲ್‌ಡಿಬಿ ಬಳಸಲು ಯಂತ್ರದಲ್ಲಿ ಜಾವಾ ಇರಬೇಕು. ಹಿಂದಿನ ದಿನವೇ ಹೋಗಿ ಪರೀಕ್ಷಿಸಿಕೊಳ್ಳಿ. ಅದರಲ್ಲಿ ಲಿಸ್ಟ್ ಬಾಕ್ಸ್, ಕಾಂಬೊ ಬಾಕ್ಸ್ ಎಂಬ ಎರಡು ಸಾಧನಗಳು ನೋಡಲು ಒಂದೇ ತರಹ ಇವೆ. ಲಿಸ್ಟ್ ಬಾಕ್ಸ್ ಹೆಸರನ್ನು ತೋರಿಸಿ ಸಂಖ್ಯೆಯನ್ನು ಕೋಷ್ಟಕಕ್ಕೆ ಕಳಿಸಬಲ್ಲದು. ಕಾಂಬೊ ಬಾಕ್ಸ್ ತನ್ನೊಳಗೆ ಬರೆದ ಪಠ್ಯವನ್ನೇ ಕಳಿಸುತ್ತದೆ, ಹೊಸದನ್ನು ಬರೆಯಲೂ ಬಿಡುತ್ತದೆ. ನಮ್ಮ ಮೂರು ಬಗೆಯ ಕುವೆಂಪು ಮತ್ತೆ ಒಳಗೆ ನುಸುಳುವುದು ಈ ಬಾಗಿಲಿನಿಂದ.

ಕನ್ನಡದಲ್ಲಿ ಹೆಸರು ತುಂಬಿಸುವುದಾದರೆ ಆಯ್ಕೆಯ ಪಟ್ಟಿ ಇನ್ನೂ ಅಗತ್ಯ. ‘ಮಂಜುನಾಥ’, ‘ಮಂಜುನಾಥ್’ ಕಂಪ್ಯೂಟರಿಗೆ ಬೇರೆ ಬೇರೆ ಎಂಬುದು ಸರಿಯೇ. ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡರೆ ‘ಮಂಜುನಾಥ್’ ಎಂಬ ಒಂದೇ ಹೆಸರೂ ಎರಡಾಗುತ್ತದೆ. ಪರದೆಯ ಮೇಲೆ ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣುವುದಿಲ್ಲ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪಟ್ಟಿಯನ್ನು ನಕಲು ಮಾಡಿ ತಂದಿದ್ದರಂತೂ ಅಕಾರಾದಿ ಜೋಡಣೆಯೂ ಕೆಡುತ್ತದೆ.

ನಿಯಮಗಳನ್ನು ಎಲ್ಲಿ ಬರೆಯಬೇಕು ಎಂಬುದನ್ನು ಪಾಠಯೋಜನೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ‘ಕೊಟ್ಟ ದಿನ ಖಾಲಿ ಇರಕೂಡದು’, ‘ಪಟ್ಟಿಯಲ್ಲಿಲ್ಲದ ಅಕ್ಸೆಷನ್ ನಂಬರ್ ಬರಕೂಡದು’ ಎಂಬಂಥವನ್ನು ಫಾರಂನಲ್ಲಿ ಮಾತ್ರ ಇಟ್ಟರೆ, ಯಾರೋ ಕೋಷ್ಟಕವನ್ನೇ ನೇರವಾಗಿ ತೆರೆದು ತುಂಬಿದ ದಿನ ಅವುಗಳಿಗೆ ಬೆಲೆಯಿಲ್ಲ. ಅವು ಕೋಷ್ಟಕದಲ್ಲೇ ಇರಬೇಕು. ಫಾರಂ ಅದೇ ನಿಯಮವನ್ನು ಮೊದಲೇ ಸೌಮ್ಯವಾಗಿ ನೆನಪಿಸಿದರೆ ಒಳ್ಳೆಯದು.

ಮೌಲ್ಯಮಾಪನಕ್ಕೆ ನಾನು ಪ್ರಶ್ನೆಪತ್ರಿಕೆ ಕೊಡುವುದಿಲ್ಲ. ಒಂದು ಗುಂಪು ಮಾಡಿದ ಫಾರಂನ ಮುಂದೆ ಇನ್ನೊಂದು ವಿಭಾಗದ, ಅದನ್ನು ಎಂದೂ ನೋಡದ ವಿದ್ಯಾರ್ಥಿಯನ್ನು ಕೂರಿಸಿ, ವಹಿಯ ಐದು ಸಾಲುಗಳನ್ನು ತುಂಬಲು ಹೇಳುತ್ತೇನೆ. ಫಾರಂ ಮಾಡಿದವರು ಹಿಂದೆ ನಿಂತು ನೋಡಬಹುದು, ಮಾತಾಡುವಂತಿಲ್ಲ. ಮೌನವಾಗಿರುವುದು ಅವರಿಗೆ ಕಷ್ಟ. ‘ಅಲ್ಲಿ ಒತ್ತೋ’ ಎಂದು ಬಾಯಿಗೆ ಬಂದೇಬಿಡುತ್ತದೆ. ಹಾಗೆ ಹೇಳಬೇಕೆನಿಸಿದ ಪ್ರತಿ ಜಾಗವನ್ನೂ ಅವರು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ಪ್ರಯೋಗಾಲಯದ ಅವಧಿಗೆ ಅದೇ ಹಾಳೆ ಕೆಲಸದ ಪಟ್ಟಿ.