ಒಂದು ಸಾಲು ಅಡಿಕೆ ಅಂದ್ರೆ 9 ನ್ಯಾನೋಸೆಕೆಂಡು

ಇವತ್ತಿನ ಎಪಿಸೋಡು ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ತೋಟದಿಂದ ಶುರು. ತೋಟ ನಮ್ಮ ದೊಡ್ಡಪ್ಪಂದು. ಹೋದ ವರ್ಷ ದೊಡ್ಡಪ್ಪನ ಮಗ ಫೋನಿನಲ್ಲಿ ಯಾವುದೋ ಮ್ಯಾಪ್ ಆ್ಯಪ್ ಹಾಕ್ಕೊಂಡು ಬದುವಿನ ಮೇಲೆ ನಡೆದ. ಸರ್ವೆ ನಂಬರಿನ ಗೆರೆ ಒಂದು ಕಡೆ, ನೀಲಿ ಚುಕ್ಕಿ ಇನ್ನೊಂದು ಕಡೆ. "ಅಪ್ಪಾ, ನಮ್ದು ಒಂದು ಸಾಲು ಪೂರ್ತಿ ಅವರ ಕಡೆ ಹೋಗೈತೆ" ಅಂದ. ಅವತ್ತು ಸಂಜೆಯಿಂದ ಪಕ್ಕದ ತೋಟದವರ ಜೊತೆ ಮಾತು ಬಂದ್. ಬೇಸಿಗೆಯಲ್ಲಿ ಅವರ ಬೋರಿನಿಂದ ಎರಡು ತಾಸು ನೀರು ಬಿಡ್ತಿದ್ರು, ಅದೂ ಬಂದ್.

ಅಡಿಕೆ ಸಾಲಿನಿಂದ ಸಾಲಿಗೆ ಸುಮಾರು 9 ಅಡಿ. ಫೋನು ಇದನ್ನ ಅಡಿಯಲ್ಲಿ ಅಳೆಯಲ್ಲ, ಸಮಯದಲ್ಲಿ ಅಳೆಯುತ್ತೆ. 20,200 ಕಿ.ಮೀ. ಎತ್ತರದಲ್ಲಿರೋ ಜಿಪಿಎಸ್ ಉಪಗ್ರಹ "ಈ ಸಿಗ್ನಲ್ ಇಷ್ಟು ಗಂಟೆಗೆ ಬಿಟ್ಟೆ" ಅಂತ ಹೇಳುತ್ತೆ. ಫೋನು ಅದು ಬಂದು ತಲುಪಿದ ಸಮಯ ಬರ್ಕೊಳ್ಳುತ್ತೆ. ಎರಡರ ವ್ಯತ್ಯಾಸವನ್ನ ಬೆಳಕಿನ ವೇಗದಿಂದ ಗುಣಿಸಿದ್ರೆ ದೂರ. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದ್ರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಬೆಳಕು 30 ಸೆಂ.ಮೀ. ಹೋಗುತ್ತೆ. ಹೆಚ್ಚುಕಮ್ಮಿ ಒಂದಡಿ. ಅಲ್ಲಿಗೆ ನಮ್ಮ ಮನೆಯ ಜಗಳ 9 ನ್ಯಾನೋಸೆಕೆಂಡಿಂದು.

ನಾನು ಮೊದಲು ಅಂದ್ಕೊಂಡಿದ್ದು, ತಪ್ಪು ಫೋನಿನ ಗಡಿಯಾರದ್ದೇ ಅಂತ. ಫೋನಿನಲ್ಲಿರೋದು ಅಗ್ಗದ ಕ್ವಾರ್ಟ್ಜ್ ಹರಳು, ಉಪಗ್ರಹದಲ್ಲಿರೋದು ಪರಮಾಣು ಗಡಿಯಾರ. ಆದ್ರೆ ಓದ್ತಾ ಹೋದಂಗೆ ಲೆಕ್ಕ ಉಲ್ಟಾ ಆಯ್ತು. ಫೋನಿನ ಗಡಿಯಾರ ಎಷ್ಟೇ ತಪ್ಪಿರಲಿ, ಆ ತಪ್ಪು ಎಲ್ಲಾ ಉಪಗ್ರಹಗಳ ಅಳತೆಯಲ್ಲೂ ಒಂದೇ ಸಮ ಸೇರ್ಕೊಳ್ಳುತ್ತೆ. ನಾವಿರೋ ಜಾಗಕ್ಕೆ ಮೂರು ಅಂಕಿ, ಗಡಿಯಾರದ ತಪ್ಪಿಗೆ ಒಂದು ಅಂಕಿ, ಒಟ್ಟು ನಾಲ್ಕು ಅಜ್ಞಾತ. ನಾಲ್ಕು ಉಪಗ್ರಹ ಸಿಕ್ಕಿದ್ರೆ ನಾಲ್ಕು ಸಮೀಕರಣ. ಬಿಡಿಸಿದ್ರೆ ಮುಗೀತು. ಫೋನು ಈ ಲೆಕ್ಕವನ್ನ ಪ್ರತಿ ಸೆಕೆಂಡೂ ಹೊಸದಾಗಿ ಮಾಡುತ್ತೆ.

ಕಷ್ಟ ಇರೋದು ಮೇಲಿನ ದುಬಾರಿ ಗಡಿಯಾರದಲ್ಲಿ. ಒಂದೊಂದು ಉಪಗ್ರಹದ ತಪ್ಪು ಒಂದೊಂದು ಥರ. ಇನ್ನೊಂದು ಉಪಗ್ರಹ ಸೇರಿಸಿದ್ರೆ ಇನ್ನೊಂದು ಸಮೀಕರಣವೇನೋ ಬರುತ್ತೆ, ಜೊತೆಗೆ ಅದರದ್ದೇ ಗಡಿಯಾರದ ಹೊಸ ಅಜ್ಞಾತವೂ ಬರುತ್ತೆ. ಸಾಲ ತೀರಿಸೋಕೆ ಸಾಲ ಮಾಡಿದಂಗೆ. ಒಬ್ಬನೇ ಕೂತು ಇದನ್ನ ಬಿಡಿಸೋಕಾಗಲ್ಲ.

ಹಂಗಾದ್ರೆ ಯಾರು ಬಿಡಿಸ್ತಾರೆ? ಒಂದು ಎಕ್ಸೆಲ್ ಶೀಟ್ ಊಹಿಸ್ಕೊಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಊರಿಗೊಂದು ರಿಸೀವರು ಇಟ್ಟಿದೀವಿ. ಅವು ಕೂತಿರೋ ಜಾಗ ಸೆಂಟಿಮೀಟರ್ ಲೆಕ್ಕದಲ್ಲಿ ಮೊದಲೇ ಗೊತ್ತು. ಕಾಲಮ್ಮುಗಳಲ್ಲಿ ಊರು, ಅಡ್ಡ ಸಾಲುಗಳಲ್ಲಿ ಉಪಗ್ರಹ. ಪ್ರತಿ ಮನೆಯಲ್ಲೂ ಅಳೆದ ದೂರಕ್ಕೂ ನಿಜವಾದ ದೂರಕ್ಕೂ ಇರೋ ವ್ಯತ್ಯಾಸ, ನ್ಯಾನೋಸೆಕೆಂಡಿನಲ್ಲಿ. ಜಗಳೂರಿನ ಕಾಲಮ್ಮಿನಲ್ಲಿ ಎಲ್ಲಾ ಉಪಗ್ರಹಕ್ಕೂ 40 ಜಾಸ್ತಿ ಕಂಡ್ರೆ ಜಗಳೂರಿನ ರಿಸೀವರಿನ ಗಡಿಯಾರ ಮುಂದಿದೆ. ಒಂದು ಉಪಗ್ರಹದ ಸಾಲಿನಲ್ಲಿ ನಾಲ್ಕೂ ಊರಿಗೂ 5 ಜಾಸ್ತಿ ಕಂಡ್ರೆ ಆ ಉಪಗ್ರಹದ ಗಡಿಯಾರ ಹಿಂದಿದೆ. ನಿಜವಾದ ಡೇಟಾದಲ್ಲಿ ಎರಡೂ ಕಲಸಿ ಬರುತ್ತೆ, ವಾತಾವರಣದ ತಡವೂ ಜೊತೆಗೆ. ಅದಕ್ಕೆ ಎಲ್ಲವನ್ನೂ ಒಟ್ಟಿಗೆ ಕಂಪ್ಯೂಟರಿಗೆ ಕೊಟ್ಟು ಬಿಡಿಸ್ತಾರೆ.

ಇಲ್ಲೊಂದು ಮಜಾ ಇದೆ. ಎಲ್ಲಾ ಊರಿನ, ಎಲ್ಲಾ ಉಪಗ್ರಹದ ಗಡಿಯಾರಗಳೂ ಒಟ್ಟಿಗೆ ಅಷ್ಟಷ್ಟೇ ಮುಂದೆ ಸರಿದ್ರೆ ಶೀಟಿನಲ್ಲಿ ಒಂದು ಅಂಕಿನೂ ಬದಲಾಗಲ್ಲ! ಬಸ್ ಸ್ಟ್ಯಾಂಡಿನದ್ದೂ ಡ್ರೈವರಿನದ್ದೂ ನಿಮ್ಮದೂ ಗಡಿಯಾರ ಹತ್ತು ನಿಮಿಷ ಮುಂದಿದ್ರೆ ಬಸ್ಸು ಯಾರಿಗೂ ತಪ್ಪಲ್ಲ ನೋಡಿ, ಹಂಗೆ. ಈ ಲೆಕ್ಕದಲ್ಲಿ ಸಿಗೋದು ವ್ಯತ್ಯಾಸ ಮಾತ್ರ. ಆದ್ದರಿಂದ ಯಾವುದಾದ್ರೂ ಒಂದು ಒಳ್ಳೆ ಗಡಿಯಾರವನ್ನೋ, ಕೆಲವು ಗಡಿಯಾರಗಳ ಸರಾಸರಿಯನ್ನೋ "ಇದು ಸೊನ್ನೆ" ಅಂತ ಹಿಡಿದು, ಉಳಿದಿದ್ದಕ್ಕೆಲ್ಲ ಪ್ಲಸ್ಸು ಮೈನಸ್ಸು ಬರೀತಾರೆ.

ನಮ್ಮ ನಾಲ್ಕು ಊರು ಉದಾಹರಣೆಗೆ ಸರಿ, ಕೆಲಸಕ್ಕೆ ಸಾಲದು. ತೀರಾ ಹತ್ತಿರ ಇದ್ದಾವೆ. ಉಪಗ್ರಹ ತನ್ನ ದಾರಿಯಿಂದ ಒಂದು ಮೀಟರು ಮೇಲೆ ಹೋದ್ರೂ ನಮಗೆ ಗಡಿಯಾರ ತಪ್ಪಿದಂಗೇ ಕಾಣುತ್ತೆ. ಎರಡನ್ನೂ ಬೇರೆ ಮಾಡೋಕೆ ಭೂಮಿ ತುಂಬಾ ಸ್ಟೇಷನ್ ಬೇಕು. ಐಜಿಎಸ್ ಅನ್ನೋ ಅಂತರರಾಷ್ಟ್ರೀಯ ಜಾಲ 1994ರಿಂದ ಈ ಕೆಲಸ ಮಾಡ್ತಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಅದರದ್ದೊಂದು ಸ್ಟೇಷನ್ ಇದೆ. ಉಪಗ್ರಹ ತಾನೇ ಹೇಳೋ ಗಡಿಯಾರದ ತಿದ್ದುಪಡಿಯಲ್ಲಿ ಐಜಿಎಸ್ ಪ್ರಕಾರ ಸುಮಾರು 5 ನ್ಯಾನೋಸೆಕೆಂಡು ತಪ್ಪು ಉಳಿಯುತ್ತೆ, ಅಂದ್ರೆ ಒಂದೂವರೆ ಮೀಟರು. ಐಜಿಎಸ್ ಕೊಡೋ ಅಂತಿಮ ಲೆಕ್ಕದಲ್ಲಿ 0.075, ಅಂದ್ರೆ ಎರಡು ಸೆಂ.ಮೀ. ಚಿಲ್ಲರೆ. ಆದ್ರೆ ಅದು ಕೈಗೆ ಬರೋಕೆ ಎರಡು ವಾರ ಬೇಕು!

ಗಡಿಯಾರ ಪೂರ್ತಿ ಕೆಟ್ಟರೆ ಯಾವ ತಿದ್ದುಪಡಿಯೂ ಇಲ್ಲ. ನಮ್ಮ ನಾವಿಕ್ ವ್ಯವಸ್ಥೆಗೆ ಸಮಯ ಕಾಯೋ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. 2013ರ ಜುಲೈ 1ರಂದು ಹಾರಿಸಿದ ಅದರ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ. ಅದರಲ್ಲಿದ್ದ ಮೂರೂ ರುಬಿಡಿಯಂ ಗಡಿಯಾರ, ಹೊರದೇಶದಿಂದ ತರಿಸಿದ್ದು, ಕೆಟ್ಟುಹೋದವು. ಉಪಗ್ರಹ ಮೇಲೇ ಇತ್ತು, ದಾರಿ ಹೇಳೋಕೆ ಮಾತ್ರ ಬರ್ತಿರಲಿಲ್ಲ. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ಮೊದಲ ಸಲ ಇಸ್ರೋ ತಾನೇ ಮಾಡಿದ ಪರಮಾಣು ಗಡಿಯಾರ ಇಟ್ಟಿತು.

ಸರಿ, ತೋಟಕ್ಕೆ ವಾಪಸ್ ಬರೋಣ. ದೊಡ್ಡಪ್ಪ ಕೊನೆಗೆ ಅಳತೆಗೆ ಅರ್ಜಿ ಹಾಕಿದ್ರು. ಸರ್ವೆಯರ್ ತಂದಿದ್ದು ರೋವರ್, ಅಂದ್ರೆ ಕೋಲಿನ ತುದಿಯಲ್ಲಿ ರಿಸೀವರು. ಇದು ಎರಡು ವಾರ ಕಾಯಲ್ಲ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಸ್ಟೇಷನ್ನುಗಳು ರಾಜ್ಯದಲ್ಲಿ ಅಲ್ಲಲ್ಲಿ ಇದ್ದಾವೆ, ಅವುಗಳ ಅಳತೆ ಸಿಮ್ ಮೂಲಕ ರೋವರಿಗೆ ಬರುತ್ತೆ. ಸ್ಟೇಷನ್ನೂ ರೋವರೂ ಒಂದೇ ಕ್ಷಣದಲ್ಲಿ ಒಂದೇ ಉಪಗ್ರಹವನ್ನ ನೋಡಿದಾಗ, ಅದರ ಗಡಿಯಾರದ ತಪ್ಪು ಎರಡು ಕಡೆಯೂ ಒಂದೇ. ಒಂದರಿಂದ ಒಂದು ಕಳೆದ್ರೆ ಹೊರಟುಹೋಗುತ್ತೆ. ಎರಡು ಉಪಗ್ರಹಗಳ ನಡುವೆ ಇನ್ನೊಮ್ಮೆ ಕಳೆದ್ರೆ ರಿಸೀವರುಗಳ ಗಡಿಯಾರದ ತಪ್ಪೂ ಹೋಗುತ್ತೆ. ಬಿ.ಕಾಂ. ಓದಿದವರಿಗೆ ಹೇಳೋದಾದ್ರೆ, ಕಾಂಟ್ರಾ ಎಂಟ್ರಿ.

ಅಡಿಕೆ ಸೋಗೆ ಕೆಳಗೆ ಆಕಾಶ ಸರಿಯಾಗಿ ಕಾಣಲ್ಲ ಅಂತ ಸರ್ವೆಯರ್ ಬಯಲಲ್ಲಿ ಕೋಲು ನಿಲ್ಲಿಸಿದ್ರು. ಪರದೆ ಮೇಲೆ 'ಫ್ಲೋಟ್' ಅಂತ ಬಂತು, ಸುಮ್ಮನೆ ನಿಂತ್ರು. 'ಫಿಕ್ಸ್' ಅಂತ ಬಂದ ಮೇಲೇ ಪಾಯಿಂಟ್ ತಗೊಂಡ್ರು. ನಿಮ್ಮ ಹೊಲಕ್ಕೂ ಬಂದ್ರೆ ಅದೊಂದು ನೋಡ್ಕೊಳ್ಳಿ. ನಮ್ಮ ಹುಡುಗ ನಂಬಿದ ಫೋನಿನ ಚುಕ್ಕಿ ಬಯಲಲ್ಲೇ ಐದು ಮೀಟರು ಆಚೀಚೆ ಆಗುತ್ತೆ, ಸುಮಾರು ಎರಡು ಸಾಲು. ಅದರ ಮೇಲೆ, ಆ್ಯಪಿನಲ್ಲಿದ್ದ ಗೆರೆ ಹಳೇ ಕಾಗದದ ನಕ್ಷೆಯನ್ನ ತಂದು ಅಂಟಿಸಿದ್ದು.

ಫಲಿತಾಂಶ: ಬಾಂದುಕಲ್ಲು ಇದ್ದ ಜಾಗದಲ್ಲೇ ಇದೆ. ಬದು ಮಾತ್ರ ಒಂದು ಮೂಲೆಯಲ್ಲಿ ಒಂದೂವರೆ ಅಡಿ ಸರಿದಿದೆ, ನಮ್ಮ ಕಡೆಯಿಂದ ಅವರ ಕಡೆಗೆ. ಅಂದ್ರೆ ಒತ್ತುವರಿ ಮಾಡಿದ್ದು ನಾವೇ, ಒಂದೂವರೆ ನ್ಯಾನೋಸೆಕೆಂಡಿನಷ್ಟು ಒಂದು ಎಪಿಸೋಡಿಗಾದ್ರೂ ಸಿಕ್ತಲ್ಲ ಅಂತ ನಾನು ನಕ್ಕೆ; ದೊಡ್ಡಪ್ಪ ನಗಲಿಲ್ಲ. ಮಾರನೇ ದಿನ ಬೆಳಗ್ಗೆ ಗುದ್ದಲಿ ತಗೊಂಡು ಹೋಗಿ ತಾವೇ ಬದು ಕಿತ್ತು ಹಾಕಿದ್ರು. ನೀರು ಇನ್ನೂ ಬಿಟ್ಟಿಲ್ಲ.