ಶಾಪ ಹಾಕಿದ ಚಕ್ರವರ್ತಿ

ಸತ್ತು 700 ವರ್ಷವಾದ ಮೇಲೂ ಜಪಾನಿನ ಅರಮನೆಯನ್ನು ನಡುಗಿಸಿದವನು ಈ ಸುತೊಕು!

1123ರಲ್ಲಿ, ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಪಟ್ಟ. ಮುಂದೆ ಅಪ್ಪನೇ ಕೆಳಗಿಳಿಸಿದ. 1156ರಲ್ಲಿ, ಚಕ್ರವರ್ತಿಯಾಗಿದ್ದ ತಮ್ಮನ ವಿರುದ್ಧ ದಂಗೆಯೆದ್ದು ಸೋತ, ಸನುಕಿ ಪ್ರಾಂತ್ಯಕ್ಕೆ ಗಡೀಪಾರಾದ.

ಅಲ್ಲಿ ಬೌದ್ಧ ಸೂತ್ರಗಳನ್ನು ಕೈಯಾರೆ ಬರೆದು ರಾಜಧಾನಿ ಕ್ಯೋಟೋಗೆ ಕಳಿಸಿದನಂತೆ. ಆಸ್ಥಾನ ಅವನ್ನು ವಾಪಸ್ ಕಳಿಸಿತಂತೆ. ಆಗ ನಾಲಿಗೆ ಕಚ್ಚಿಕೊಂಡು, ಅದೇ ರಕ್ತದಲ್ಲಿ ಶಾಪ ಬರೆದ ಅನ್ನುತ್ತದೆ ಕಥೆ. 1164ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಕ್ಯೋಟೋದಲ್ಲಿ ಬೆಂಕಿ ಬಿದ್ದರೂ ದೂರು ಇವನ ಮೇಲೇ, ಪಾಪ!

1868ರಲ್ಲಿ ಚಕ್ರವರ್ತಿ ಮೇಜಿ, ಪಟ್ಟಾಭಿಷೇಕಕ್ಕೆ ಮುಂಚೆ ದೂತರನ್ನು ಕಳಿಸಿ ಇವನ ಆತ್ಮವನ್ನು ಶಾಂತಗೊಳಿಸಲು ಕ್ಯೋಟೋಗೆ ಕರೆಸಿಕೊಂಡ. ಅದಕ್ಕೆಂದು ಕಟ್ಟಿಸಿದ ಶಿರಮಿನೆ ಗುಡಿಯ ಜಾಗ, ಕೆಮಾರಿ ಎಂಬ ಹಳೆಯ ಕಾಲ್ಚೆಂಡಾಟದ ಗುರುಮನೆತನದ್ದು. ಹಾಗಾಗಿ ಆ ಗುಡಿಗೆ ಇವತ್ತು ಫುಟ್‌ಬಾಲ್ ಆಟಗಾರರು ಬಂದು, ಚೆಂಡು ಒಪ್ಪಿಸಿ, ಗೆಲುವು ಬೇಡುತ್ತಾರೆ.